ದೂರದ ನದಿಯ ಹಡಗನ್ನು ಮನೆಯಿಂದಲೇ ಅರಸುವ ಬಗೆ

ನಮ್ಮ ಶಾಲೆಯಲ್ಲಿ ಓದಿದವರಿಗೆ ಮೇಲಂತಸ್ತಿನ ಪಡುವಣ ಕಿಟಕಿಗಳ ನೆನಪು ಇದ್ದೇ ಇರುವುದು. ತೆಂಗಿನ ತೋಪಿನಾಚೆ ಹೊಳೆಯ ಒಂದು ತುಂಡು ಅಲ್ಲಿಂದ ಕಾಣುತ್ತಿತ್ತು. ಹಂಚು ಹೇರಿಕೊಂಡು ಅಳಿವೆಯ ಕಡೆಗೆ ಸಾಗುವ ಮಂಜಿಗಳೂ ಕಾಣುತ್ತಿದ್ದುವು. ಲೆಕ್ಕದ ಪಾಠ ನಡೆಯುತ್ತಿರುವಾಗ ನಾವು ಮೂವರು ಗೆಳತಿಯರು, ಆ ಮಂಜಿ ಯಾರದು, ಎಲ್ಲಿಗೆ ಹೋಗುವುದು, ಎಂದು ತಿರುಗಿ ಬರುವುದು ಎಂದು ಪಿಸುಮಾತಿನಲ್ಲಿ ಪಂತ ಕಟ್ಟಿ, ಅದರ ಫಲವಾಗಿ ಬೆಂಚಿನ ಮೇಲೆ ನಿಂತದ್ದೂ ಉಂಟು. ತೋಪಿನ ಮರೆಗೆ ಸರಿದ ಮೇಲೆ ಆ ಮಂಜಿಯ ಸುದ್ದಿ ನಮಗೆ ತಿಳಿಯುವ ಬಗೆಯೇ ಇರಲಿಲ್ಲ. ಈಗಲಾದರೋ ಸಾವಿರಾರು ಮೈಲಿಗಳಾಚೆಯ ನದಿಯಲ್ಲಿ ತೇಲುವ ಹಡಗು ಈ ಕ್ಷಣದಲ್ಲಿ ಯಾವ ಊರಿನ ಮುಂದೆ, ಯಾವ ವೇಗದಲ್ಲಿ ಸಾಗುತ್ತಿದೆ ಎಂಬುದನ್ನು ಅಡಿಗೆಯ ಮನೆಯಲ್ಲಿ ನಿಂತುಕೊಂಡೇ ಅಂಗೈಯಗಲದ ಫೋನಿನಲ್ಲಿ ನೋಡಬಹುದಾಗಿದೆ.

ಈ ವಿಷಯವನ್ನು ಕುರಿತು ಬರೆಯಬೇಕೆಂದು ನನಗೆ ತೋರಿದ್ದು ಬರಿಯ ಕುತೂಹಲದಿಂದಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರ ಮಕ್ಕಳು ಇಂದು ಹಡಗುಗಳಲ್ಲಿ ಉದ್ಯೋಗಸ್ಥರಾಗಿರುವರು. ಇನ್ನು ಕೆಲವರು ಮಕ್ಕಳ ಒತ್ತಾಯಕ್ಕೆ ಕಟ್ಟುಬಿದ್ದು ತಾವೇ ಯೂರೋಪಿನ ನದೀಪ್ರವಾಸಕ್ಕೆ ಹೊರಡುತ್ತಿರುವರು. ಮನೆಯಲ್ಲಿ ಉಳಿದವರು ಈ ನಕ್ಷೆಗಳನ್ನು ನೋಡುವುದನ್ನು ಕಲಿತಿದ್ದರೂ ಓದುವುದನ್ನು ಕಲಿತಿಲ್ಲವಾದ ಕಾರಣ, ಸಮಾಧಾನ ದೊರೆಯಬೇಕಾದಲ್ಲಿ ಗಾಬರಿಯನ್ನು ಪಡೆಯುವರು. ನಾನೂ ಹಾಗೆಯೇ ಗಾಬರಿಗೊಂಡವಳು.

ನನ್ನ ಮಗಳು ಹೋಟೆಲು ವಿದ್ಯೆಯನ್ನು ಕಲಿತು, ೨೦೧೮ನೆಯ ಇಸವಿಯಿಂದ ಯೂರೋಪಿನ ನದಿಗಳಲ್ಲಿ ಸಂಚರಿಸುವ ಪ್ರವಾಸಿ ಹಡಗುಗಳಲ್ಲಿ ಊಟದ ಸಾಲೆಯ ಕೆಲಸದಲ್ಲಿರುವಳು. ಮಾರ್ಚ್ ತಿಂಗಳಲ್ಲಿ ಹೊರಟಳೆಂದರೆ ಕ್ರಿಸ್‌ಮಸ್ ಸಂತೆಗಳು ಮುಗಿಯುವ ತನಕ ಹಡಗೇ ಅವಳ ಮನೆ. ಈ ಹಡಗುಗಳು ಸಮುದ್ರದ ಹಡಗುಗಳಂತೆ ಬೆಟ್ಟದೆತ್ತರದವುಗಳಲ್ಲ. ಉದ್ದ ೧೩೫ ಮೀಟರಿದ್ದರೂ ಅಗಲ ೧೧.೪ ಮೀಟರು ಮಾತ್ರ. ದೂರದಿಂದ ನೋಡಿದರೆ ನೀರಿನ ಮೇಲೆ ಮಲಗಿಸಿದ ರೈಲುಗಾಡಿಯಂತೆ ತೋರುವುವು. ಇದಕ್ಕೆ ಕಾರಣವುಂಟು. ರೈನ್ ನದಿಯನ್ನೂ ಡಾನ್ಯೂಬ್ ನದಿಯನ್ನೂ ಕೂಡಿಸುವ ೧೭೧ ಕಿಲೋಮೀಟರು ಉದ್ದದ ಕಾಲುವೆಯೊಂದು ಜರ್ಮನಿಯಲ್ಲಿದ್ದು, ಅದು ೧೯೯೨ರಲ್ಲಿ ಪೂರ್ಣಗೊಂಡಿತು. ಸಮುದ್ರಮಟ್ಟದಿಂದ ೪೦೬ ಮೀಟರು ಎತ್ತರದ ದಿಣ್ಣೆಯನ್ನು ಹಡಗುಗಳು ಅಲ್ಲಿ ಹತ್ತಿ ಇಳಿಯಬೇಕು. ಹತ್ತಿಸುವುದಕ್ಕೆ ೧೬ ಕಡೆಗಳಲ್ಲಿ ಲಾಕ್ ಎಂದು ಕರೆಯುವ ನೀರಿನ ಮೆಟ್ಟಲುಗಳನ್ನು ಕಟ್ಟಿರುವರು. ಎರಡು ಬಾಗಿಲುಗಳ ನಡುವೆ ಹಡಗನ್ನು ನಿಲ್ಲಿಸಿ ನೀರನ್ನು ತುಂಬಿದರೆ ಹಡಗು ಮೇಲಕ್ಕೇರುವುದು. ನೀರನ್ನು ಬಿಟ್ಟರೆ ಕೆಳಗಿಳಿಯುವುದು. ಆ ಕೋಣೆಯ ಅಗಲ ೧೨ ಮೀಟರು. ಹೀಗಿರುವುದರಿಂದ ಹಡಗಿನ ಇಕ್ಕೆಲಗಳಲ್ಲಿಯೂ ಒಂದೊಂದು ಗೇಣಿಗಿಂತ ಸ್ವಲ್ಪ ಹೆಚ್ಚು ಎಡೆ ಮಾತ್ರ ಉಳಿಯುವುದು. ಸೇತುವೆಗಳೂ ತಗ್ಗಾದುವು, ಅವುಗಳ ಕೆಳಗೆ ಹೋಗುವಾಗ ಕಪ್ತಾನನ ಕೋಣೆಯನ್ನೇ ಕೆಳಕ್ಕೆ ಇಳಿಸಿ, ಮೇಲ್ಗಡೆಯ ಕುರ್ಚಿಗಳನ್ನೂ ಕೊಡೆಗಳನ್ನೂ ಮಡಚಿ ಮಲಗಿಸುವರಂತೆ.

ಈಗ ಆ ರಾತ್ರಿಯ ಸಂಗತಿ. ೨೦೧೯ನೆಯ ಮೇ ೨೯ರಂದು, ಬುಧವಾರ, ಹಂಗೆರಿಯ ರಾಜಧಾನಿಯಾದ ಬುಡಾಪೆಸ್ಟಿನಲ್ಲಿ ಜೋರು ಮಳೆ ಸುರಿಯುತ್ತಿರುವಾಗ, ರಾತ್ರಿ ಒಂಬತ್ತು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ, ಮಾರ್ಗರೆಟ್ ಸೇತುವೆಯ ಬಳಿ 'ವೈಕಿಂಗ್ ಸಿಗಿನ್' ಎಂಬ ದೊಡ್ಡ ಪ್ರವಾಸಿ ಹಡಗು 'ಹಾಬ್ಲೆಯಾನ್' ಎಂಬ ಚಿಕ್ಕ ವಿಹಾರನೌಕೆಗೆ ತಾಗಿತು. ಹಾಬ್ಲೆಯಾನ್ ಎಂದರೆ ಮತ್ಸ್ಯಕನ್ಯೆ. ಆ ನೌಕೆ ಕೆಲವೇ ಕ್ಷಣಗಳಲ್ಲಿ ಮಗುಚಿ ಮುಳುಗಿತು. ಅದರಲ್ಲಿದ್ದ ೩೫ ಜನರಲ್ಲಿ ೩೩ ಜನರು ದಕ್ಷಿಣ ಕೊರಿಯದಿಂದ ಬಂದವರು. ನೌಕೆಯನ್ನು ನಡೆಯಿಸುತ್ತಿದ್ದ ಇಬ್ಬರು ಹಂಗೆರಿಯವರು. ಬದುಕಿ ಉಳಿದವರು ಏಳು ಜನರು ಮಾತ್ರ.

ಮರುದಿನ ಮುಂಜಾವಿನಲ್ಲಿ, ನಮ್ಮ ಗಡಿಯಾರದ ಆರೂವರೆ ಗಂಟೆಗೆ, ಕಾಫಿಗೆ ನೀರಿಟ್ಟು ಫೋನನ್ನು ಕೈಗೆತ್ತಿಕೊಂಡಾಗ ನಾನು ಕಂಡ ಮೊದಲ ಸುದ್ದಿಯೇ ಅದು. ಬುಡಾಪೆಸ್ಟು, ಡಾನ್ಯೂಬು, ಪ್ರವಾಸಿ ಹಡಗು, ಮುಳುಗಡೆ: ಈ ನಾಲ್ಕು ಶಬ್ದಗಳ ಹೊರತು ನನಗೆ ಬೇರೇನೂ ಓದಲಾಗಲಿಲ್ಲ. "ಅಮ್ಮಾ, ಈ ವಾರ ಬುಡಾಪೆಸ್ಟಿಗೆ ಹೋಗುತ್ತೇವೆ" ಎಂದು ಮಗಳು ಭಾನುವಾರ ಹೇಳಿದ್ದಳು. ಯಾವ ದಿನ ಎಂದು ನಾನು ಕೇಳಿರಲಿಲ್ಲ. ಫೋನು ಮಾಡಿದೆನು; ಎತ್ತಲಿಲ್ಲ. ಮತ್ತೆ ಮಾಡಿದೆನು; ಎತ್ತಲಿಲ್ಲ. ಅವಳು ಹಿಂದಿನ ರಜೆಯಲ್ಲಿ ನನ್ನ ಫೋನಿನಲ್ಲಿ ಹಾಕಿಕೊಟ್ಟಿದ್ದ ಹಡಗಿನ ನಕ್ಷೆಯನ್ನು ನಡುಗುವ ಕೈಯಿಂದ ತೆರೆದೆನು. ಅವಳ ಹಡಗಿನ ಹೆಸರಿನೆದುರಿಗೆ 'ಗಮ್ಯಸ್ಥಾನ: ಬುಡಾಪೆಸ್ಟ್' ಎಂದು ಬರೆದಿತ್ತು. ಅದರ ಕೆಳಗೆ, ಕಡೆಯ ವರ್ತಮಾನ ಬಂದದ್ದು ೧೬ ಗಂಟೆ ೪೦ ನಿಮಿಷಕ್ಕೆ ಎಂದಿತ್ತು. ಸಾಯಂಕಾಲ ಐದು ಗಂಟೆಗೆ ಮುಂಚೆಯೇ ಮಾತು ನಿಂತಿದೆ, ಹದಿನಾಲ್ಕು ಗಂಟೆಗಳಿಂದ ಹಡಗು ಮೌನವಾಗಿದೆ, ಹೋಗುತ್ತಿದ್ದುದು ಬುಡಾಪೆಸ್ಟಿಗೆ. ನಾನು ಬೇರೆ ಏನೆಂದು ತಿಳಿಯಬೇಕು?

ಮನೆಯವರು ಊರಿನಲ್ಲಿರಲಿಲ್ಲ. ನಾನು ಚಪ್ಪಲಿಯನ್ನೂ ಮೆಟ್ಟದೆ ಎರಡು ಮನೆಗಳಾಚೆ ವಾಸಿಸುವ, ಈ ಶಾಲೆಯಲ್ಲಿ ನಮಗೆ ಭೂಗೋಳವನ್ನು ಕಲಿಸಿ ವಿಶ್ರಾಂತರಾಗಿದ್ದ ಉಪಾಧ್ಯಾಯಿನಿಯವರ ಬಾಗಿಲನ್ನು ಬಡಿದೆನು. ಅವರು ನನ್ನನ್ನು ಕುಳ್ಳಿರಿಸಿ, ಫೋನನ್ನು ಇಸುಕೊಂಡು, ಕನ್ನಡಕವನ್ನು ಏರಿಸಿ ನಿಧಾನವಾಗಿ ನೋಡಿ, "ಮಗಳೇ, ಇದು ನಮ್ಮ ಗಂಟೆಯಲ್ಲ" ಎಂದರು. ಅವರು ಮುಂದೆ ಮಾಡಿದ ಲೆಕ್ಕವನ್ನು ಹೇಳುವುದಕ್ಕಿಂತ ಮೊದಲು, ಆ ನಕ್ಷೆಯ ಚುಕ್ಕೆ ಎಲ್ಲಿಂದ ಹುಟ್ಟಿ ಬರುವುದೆಂಬುದನ್ನು ತಿಳಿಸಿದರೆ ಓದುಗರಿಗೆ ಅನುಕೂಲವಾದೀತು.

ಹಡಗಿನಲ್ಲಿ ಎ.ಐ.ಎಸ್. ಎಂಬ ಒಂದು ಪೆಟ್ಟಿಗೆಯುಂಟು. ತನ್ನ ಗುರುತನ್ನು ತಾನೇ ಸಾರುವ ಯಂತ್ರ ಎಂದು ಅದರ ತಾತ್ಪರ್ಯ. ಅದು ಆಕಾಶದ ಉಪಗ್ರಹಗಳ ಸಹಾಯದಿಂದ ತನ್ನ ಅಕ್ಷಾಂಶ ರೇಖಾಂಶಗಳನ್ನು ಕಂಡುಕೊಂಡು, ವಿ.ಎಚ್.ಎಫ್. ಎಂಬ ರೇಡಿಯೋ ಅಲೆಗಳ ಮೂಲಕ, ೧೬೧.೯೭೫ ಮತ್ತು ೧೬೨.೦೨೫ ಮೆಗಾಹರ್ಟ್ಸ್ ಎಂಬ ಎರಡು ಹಾದಿಗಳಲ್ಲಿ, ಸುತ್ತಲಿರುವ ಎಲ್ಲರಿಗೂ ಕೇಳುವಂತೆ ಕೂಗಿ ಹೇಳುವುದು. ಸಾಧಾರಣವಾದ ವೇಗದಲ್ಲಿ ನಡೆಯುವ ಹಡಗು ಹತ್ತು ಸೆಕೆಂಡಿಗೊಮ್ಮೆಯೂ, ತಿರುವಿನಲ್ಲಿ ಇನ್ನೂ ಬೇಗನೆಯೂ, ಕಟ್ಟಿ ನಿಲ್ಲಿಸಿದ ಹಡಗು ಮೂರು ನಿಮಿಷಕ್ಕೊಮ್ಮೆಯೂ ತಾನಿರುವ ಸ್ಥಳವನ್ನು ಹೇಳುವುದು. ಹೆಸರು, ಉದ್ದಗಲ, ಹೋಗುವ ಊರು ಮೊದಲಾದವುಗಳನ್ನು ಆರು ನಿಮಿಷಕ್ಕೊಮ್ಮೆ ಹೇಳುವುದು. ನೂರಾರು ಹಡಗುಗಳು ಒಟ್ಟಿಗೆ ಕೂಗಿದರೆ ಗದ್ದಲವಾಗದೆ ಎಂದು ಕೇಳಬಹುದು. ಒಂದು ನಿಮಿಷವನ್ನು ಒಂದೊಂದು ಹಾದಿಯಲ್ಲಿಯೂ ೨,೨೫೦ ತುಣುಕುಗಳಾಗಿ ವಿಭಾಗಿಸಿದೆ. ಪ್ರತಿಯೊಂದು ಯಂತ್ರವೂ ಬೇರೆಯವರು ಹಿಡಿಯದ ತುಣುಕನ್ನು ಕಿವಿಗೊಟ್ಟು ಗೊತ್ತುಮಾಡಿಕೊಂಡು, ತನ್ನ ಸರತಿ ಬಂದಾಗ ಮಾತ್ರ ಮಾತನಾಡುವುದು. ಮಧ್ಯಾಹ್ನದ ಗಂಟೆ ಬಾರಿಸಿದಾಗ ನಮ್ಮ ಶಾಲೆಯ ನಲ್ಲಿಯ ಮುಂದೆ ನಡೆಯುತ್ತಿದ್ದುದಕ್ಕಿಂತ ಇದು ಬಹಳ ಶಿಸ್ತಿನ ವ್ಯವಸ್ಥೆ ಎಂದು ಒಪ್ಪಲೇಬೇಕು.

ಈ ಯಂತ್ರವನ್ನು ಮಾಡಿದ್ದು ತಾಯಂದಿರ ಸಮಾಧಾನಕ್ಕೋಸ್ಕರವಲ್ಲ. ಒಂದು ಹಡಗು ಮತ್ತೊಂದಕ್ಕೆ ಢಿಕ್ಕಿ ಹೊಡೆಯದಿರಲೆಂದು. ಅಂತರರಾಷ್ಟ್ರೀಯ ಸಮುದ್ರಯಾನ ಮಾಡುವ ಎಲ್ಲಾ ಪ್ರವಾಸಿ ಹಡಗುಗಳಲ್ಲಿಯೂ ದೊಡ್ಡ ಸರಕು ಹಡಗುಗಳಲ್ಲಿಯೂ ೨೦೦೪ನೆಯ ವರ್ಷಾಂತ್ಯದೊಳಗೆ ಇದು ಇರಲೇಬೇಕೆಂಬ ನಿಯಮವಾಯಿತು. ನದಿಗಳಿಗೆ ಇದು ತಡವಾಗಿ ಬಂದಿತು. ಆಸ್ಟ್ರಿಯ ದೇಶವು ತನ್ನ ಡಾನ್ಯೂಬಿನ ಭಾಗದಲ್ಲಿ ೨೦೦೮ರಲ್ಲಿ ಇದನ್ನು ಕಡ್ಡಾಯ ಮಾಡಿತು. ರೈನ್ ನದಿಯ ಮೇಲೆ ೨೦೧೪ನೆಯ ಡಿಸೆಂಬರ್ ೧ರಿಂದ ಕಡ್ಡಾಯವಾಯಿತು. ಆಜ್ಞೆಯನ್ನು ಹೊರಡಿಸಿದ್ದು ಸ್ಟ್ರಾಸ್‌ಬುರ್ಗ್ ನಗರದಲ್ಲಿರುವ ರೈನ್ ನೌಕಾಯಾನದ ಕೇಂದ್ರ ಮಂಡಲಿ. ನೆಪೋಲಿಯನ್ನನ ಕಾಲ ಮುಗಿದ ೧೮೧೫ರಲ್ಲಿ ವಿಯೆನ್ನ ಸಮ್ಮೇಳನದಿಂದ ಹುಟ್ಟಿದ ಈ ಮಂಡಲಿ, ಇಂದಿಗೂ ನಡೆಯುತ್ತಿರುವ ಅಂತರರಾಷ್ಟ್ರೀಯ ಸಂಸ್ಥೆಗಳಲ್ಲೆಲ್ಲಾ ಹಳೆಯದು.

ಹಡಗು ಕೂಗಿದ್ದನ್ನು ದಡದಲ್ಲಿ ಯಾರಾದರೂ ಕೇಳಬೇಕಷ್ಟೆ. ಮೆರೈನ್‌ಟ್ರಾಫಿಕ್, ವೆಸೆಲ್‌ಫೈಂಡರ್ ಮೊದಲಾದ ಜಾಲತಾಣಗಳು ನಿಂತಿರುವುದು ಈ ಕೇಳುವವರ ಮೇಲೆಯೇ. ಮೆರೈನ್‌ಟ್ರಾಫಿಕ್ ೨೦೦೭ರಲ್ಲಿ ಗ್ರೀಸ್ ದೇಶದ ಈಜಿಯನ್ ವಿಶ್ವವಿದ್ಯಾಲಯದ ವಿದ್ವಾಂಸರ ಒಂದು ಕಾರ್ಯವಾಗಿ ಆರಂಭವಾದದ್ದು. ಮುಂದೆ ದೊಡ್ಡ ವ್ಯಾಪಾರವಾಗಿ ೨೦೨೩ರಲ್ಲಿ ಕೆಪ್ಲರ್ ಎಂಬ ಕಂಪೆನಿಯ ಕೈ ಸೇರಿತು. ಆದರೂ ಅದರ ಕಿವಿಗಳಾಗಿರುವವರು ಬಹುಮಟ್ಟಿಗೆ ನದೀತೀರಗಳಲ್ಲಿಯೂ ಬಂದರುಗಳಲ್ಲಿಯೂ ವಾಸಿಸುವ ಸಾಮಾನ್ಯ ಜನರು. ಅವರು ಮನೆಯ ಮಾಡಿನ ಮೇಲೆ ಒಂದು ಆಂಟೆನಾವನ್ನು ನಿಲ್ಲಿಸಿ, ಅದಕ್ಕೆ ಗ್ರಾಹಕ ಯಂತ್ರವನ್ನು ಜೋಡಿಸಿ, ಕೇಳಿದ್ದನ್ನೆಲ್ಲಾ ಸ್ವಸಂತೋಷದಿಂದ ಕಳುಹಿಸಿಕೊಡುವರು. ಅಂಥ ಮನೆಯೊಂದರಲ್ಲಿ ವಿದ್ಯುತ್ತು ಹೋದರೆ, ಇಲ್ಲವೆ ಮನೆಯವರು ರಜೆಗೆ ಹೋಗುವಾಗ ಯಂತ್ರವನ್ನು ಆರಿಸಿ ಹೋದರೆ, ಆ ಭಾಗದ ನದಿಯೇ ನಮ್ಮ ಪಾಲಿಗೆ ಕತ್ತಲಾಗುವುದು. ಹಡಗುಗಳು ಅಲ್ಲಿ ಎಂದಿನಂತೆ ಹೋಗುತ್ತಿರುವುವು. ನಮಗೆ ಹೇಳುವವರಿಲ್ಲ, ಅಷ್ಟೇ.

ಈ ಅಲೆಗಳು ಬೆಟ್ಟವನ್ನು ಹಾಯ್ದು ಹೋಗಲಾರವು. ತೆರೆದ ಸಮುದ್ರದಲ್ಲಿ ಹತ್ತಾರು ಮೈಲಿಗಳ ತನಕ ಕೇಳಿಸುವ ಕೂಗು, ಎರಡೂ ಕಡೆ ಗುಡ್ಡಗಳು ಒತ್ತಿಕೊಂಡಿರುವ ಕಣಿವೆಯಲ್ಲಿ ಮುಂದಿನ ತಿರುವಿಗೇ ನಿಂತುಹೋಗುವುದು. ಆಸ್ಟ್ರಿಯದ ವಾಖಾವು ಕಣಿವೆ ಅಂಥದೊಂದು. ಮೆಲ್ಕ್ ಪಟ್ಟಣದಿಂದ ಕ್ರೆಮ್ಸ್ ಪಟ್ಟಣದ ತನಕ ಡಾನ್ಯೂಬು ಬಂಡೆಗಳ ನಡುವೆ ಬಳುಕಿ ಹರಿಯುವುದು. ನನ್ನ ಮಗಳ ಹಡಗಿನ ಮಾತು ನಿಂತದ್ದು ಆ ಕಣಿವೆಯಲ್ಲಿರುವ ಡ್ಯೂರ್ನ್‌ಸ್ಟೈನ್ ಎಂಬ ಚಿಕ್ಕ ಊರಿನ ಹತ್ತಿರ.

ಈಗ ಟೀಚರಮ್ಮನವರ ಲೆಕ್ಕಕ್ಕೆ ಬರೋಣ. ನಕ್ಷೆಯಲ್ಲಿ ಬರೆದಿದ್ದ ೧೬ ಗಂಟೆ ೪೦ ನಿಮಿಷವು ಇಂಗ್ಲೆಂಡಿನ ಗ್ರೀನಿಚ್ಚಿಗೆ ಹೊಂದುವ ಲೋಕಮಾನ್ಯ ಕಾಲ. ಇಂಥ ತಾಣಗಳು ಬೇರೆಯಾಗಿ ಗೊತ್ತುಮಾಡದ ಹೊರತು ಆ ಕಾಲವನ್ನೇ ಬಳಸುವುವು. ಅದಕ್ಕೆ ಐದೂವರೆ ಗಂಟೆಯನ್ನು ಕೂಡಿದರೆ ನಮ್ಮ ಕಾಲ: ರಾತ್ರಿ ೧೦-೧೦. ಬೇಸಗೆಯಾದುದರಿಂದ ಎರಡು ಗಂಟೆಯನ್ನು ಕೂಡಿದರೆ ಆಸ್ಟ್ರಿಯ ಮತ್ತು ಹಂಗೆರಿಗಳ ಕಾಲ: ಸಾಯಂಕಾಲ ೬-೪೦. ಮೌನವಾಗಿ ಕಳೆದದ್ದು ಹದಿನಾಲ್ಕು ಗಂಟೆಗಳಲ್ಲ, ಎಂಟು ಗಂಟೆಗಳ ಮೇಲೆ ಸ್ವಲ್ಪ. ಬುಡಾಪೆಸ್ಟಿನ ದುರ್ಘಟನೆ ನಡೆದದ್ದು ಅಲ್ಲಿಯ ಕಾಲ ಸುಮಾರು ೯-೦೫ಕ್ಕೆ. ಎಂದರೆ ನಮ್ಮ ಹಡಗಿಗೆ ಡ್ಯೂರ್ನ್‌ಸ್ಟೈನಿನಿಂದ ಬುಡಾಪೆಸ್ಟಿಗೆ ಹೋಗುವುದಕ್ಕೆ ಇದ್ದ ಕಾಲ ಎರಡು ಗಂಟೆ ಇಪ್ಪತ್ತೈದು ನಿಮಿಷ.

ಇಷ್ಟನ್ನು ಹೇಳಿ ಅವರು ಕಪಾಟಿನಿಂದ ತಮ್ಮ ಹಳೆಯ ಭೂಪಟದ ಪುಸ್ತಕವನ್ನು ತೆಗೆದರು. ಹೊಲಿಗೆಯ ಪೆಟ್ಟಿಗೆಯಿಂದ ಒಂದು ನೂಲನ್ನು ತೆಗೆದು, ಒದ್ದೆ ಮಾಡಿ, ನದಿಯ ಅಂಕುಡೊಂಕಿನ ಮೇಲೆ ಡ್ಯೂರ್ನ್‌ಸ್ಟೈನಿನಿಂದ ಬುಡಾಪೆಸ್ಟಿನ ತನಕ ಹಾಸಿ, ಆ ನೂಲನ್ನು ಭೂಪಟದ ಮೂಲೆಯ ಅಳತೆಗೆರೆಯ ಮೇಲೆ ಚಾಚಿ ಹಿಡಿದರು. ಮುನ್ನೂರೈವತ್ತು ಕಿಲೋಮೀಟರಿನ ಹತ್ತಿರ ಬಂದಿತು. ಹಡಗಿನ ವೇಗ ಒಂಬತ್ತು ನಾಟ್ ಎಂದು ನಕ್ಷೆಯಲ್ಲಿತ್ತು. ಒಂದು ನಾಟ್ ಎಂದರೆ ಗಂಟೆಗೆ ೧.೮೫೨ ಕಿಲೋಮೀಟರು, ಅಂದಮೇಲೆ ಗಂಟೆಗೆ ಹದಿನೇಳು ಕಿಲೋಮೀಟರಿಗೂ ಕಡಮೆ. "ಇಪ್ಪತ್ತೈದೆಂದೇ ಇಟ್ಟುಕೋ. ಎರಡೂವರೆ ಗಂಟೆಯಲ್ಲಿ ಎಷ್ಟಾಯಿತು?" ಎಂದು ಕೇಳಿದರು. ಐವತ್ತು ವರ್ಷ ದಾಟಿದ ನಾನು ಎದ್ದು ನಿಂತು "ಅರುವತ್ತೆರಡೂವರೆ" ಎಂದು ಉತ್ತರ ಕೊಟ್ಟೆನು. ನಡುವೆ ಆಲ್ಟೆನ್‌ವರ್ತ್, ಗ್ರೈಫೆನ್‌ಸ್ಟೈನ್, ಫ್ರಾಯ್ಡೆನೌ, ಗಾಬ್ಚಿಕೊವೊ ಎಂಬ ನಾಲ್ಕು ಲಾಕುಗಳೂ ಇವೆಯೆಂಬುದು ನಮಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಲೆಕ್ಕ ಇನ್ನೂ ಗಟ್ಟಿಯಾಗುತ್ತಿತ್ತು. ಆ ಹಡಗು ಆ ರಾತ್ರಿ ಬುಡಾಪೆಸ್ಟಿನಲ್ಲಿರುವುದು ಸಾಧ್ಯವೇ ಇರಲಿಲ್ಲ.

"ಹಾಗಾದರೆ ಫೋನನ್ನೇಕೆ ಎತ್ತುವುದಿಲ್ಲ?" ಎಂದು ನಾನು ಅತ್ತೆನು. "ಅಲ್ಲಿ ಈಗ ರಾತ್ರಿ ಮೂರೂವರೆ ಗಂಟೆ, ಮಗಳೇ. ಮಲಗಿದೆ ಮಗು" ಎಂದರು.

ನಮ್ಮ ಕಾಲ ಒಂಬತ್ತು ಗಂಟೆಯ ಹೊತ್ತಿಗೆ ಚುಕ್ಕೆ ತಟ್ಟನೆ ಕ್ರೆಮ್ಸಿನ ಬಳಿ, ಕಣಿವೆ ಬಿಚ್ಚಿಕೊಳ್ಳುವಲ್ಲಿ, ಬಾಣದ ರೂಪದಿಂದ ಎದ್ದು ಬಂದಿತು. ಹಡಗನ್ನು ರಾತ್ರಿಯೆಲ್ಲಾ ಡ್ಯೂರ್ನ್‌ಸ್ಟೈನಿನ ಬಂಡೆಯ ಕೆಳಗೆ ಕಟ್ಟಿ ನಿಲ್ಲಿಸಿದ್ದರಂತೆ. ಮಧ್ಯಾಹ್ನ ಒಂದು ಗಂಟೆಗೆ, ತನ್ನ ಪ್ರಯಾಣಿಕರ ಬೆಳಗಿನ ಉಪಾಹಾರವನ್ನು ಮುಗಿಸಿ, ಮಗಳು ಫೋನು ಮಾಡಿದಳು. ಹದಿನೇಳು ಸಲ ಏಕೆ ಕರೆದಿರಿ ಎಂದು ಕೇಳಿದಳು. ಅವಳಿಗೆ ಆ ತನಕ ಸುದ್ದಿಯೇ ತಿಳಿದಿರಲಿಲ್ಲ. ಅದೇ ಹೊತ್ತಿನಲ್ಲಿ ಕೊರಿಯ ದೇಶದ ಮನೆಗಳಲ್ಲಿ ಫೋನನ್ನು ಹಿಡಿದು ಕುಳಿತಿದ್ದವರಿಗೆ ಇಂಥ ಉತ್ತರ ಬರಲಿಲ್ಲವೆಂಬುದನ್ನು ನಾನು ಮರೆಯಲಾರೆನು.

ಆ ದಿನ ಕಲಿತದ್ದಕ್ಕೆ ಆಮೇಲೆ ಸೇರಿಸಿಕೊಂಡ ಕೆಲವು ಸಂಗತಿಗಳನ್ನು, ಉಪಯೋಗವಾದೀತೆಂದು, ಬರೆಯುವೆನು. ಎಲ್ಲಕ್ಕಿಂತ ಮೊದಲು, ನಕ್ಷೆಯಲ್ಲಿ ಯಾವುದು ಯಂತ್ರ ಹೇಳಿದ್ದು, ಯಾವುದು ಮನುಷ್ಯನು ಬರೆದದ್ದು ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು. ಸ್ಥಳ, ವೇಗ, ಹೋಗುವ ದಿಕ್ಕು: ಇವು ಯಂತ್ರದಿಂದ ತಾವಾಗಿ ಬರುವುವು. ಹೋಗುವ ಊರನ್ನೂ ತಲುಪುವ ವೇಳೆಯನ್ನೂ ಹಡಗಿನವರು ಕೈಯಿಂದ ಬರೆಯುವರು. ಕೆಲಸದ ಗಡಿಬಿಡಿಯಲ್ಲಿ ಅದನ್ನು ಬದಲಾಯಿಸಲು ಮರೆಯುವುದು ಸಾಮಾನ್ಯ. ಹೋದ ವಾರದ ಊರು ಈ ವಾರವೂ ಉಳಿದಿರುವುದನ್ನು ನಾನು ಎಷ್ಟೋ ಸಲ ನೋಡಿರುವೆನು. 'ನಡೆಯುತ್ತಿದೆ', 'ಕಟ್ಟಿದೆ' ಎಂಬ ಸ್ಥಿತಿಯೂ ಕೈಬರಹವೇ. ವೇಗ ಸೊನ್ನೆಯಾಗಿದ್ದರೂ 'ನಡೆಯುತ್ತಿದೆ' ಎಂದು ತೋರಿದರೆ ವೇಗವನ್ನು ನಂಬಬೇಕು.

ಹಡಗನ್ನು ಹುಡುಕುವಾಗ ಹೆಸರೊಂದನ್ನೇ ನೆಚ್ಚಬಾರದು, ಏಕೆಂದರೆ ಒಂದೇ ಹೆಸರಿನ ಹಡಗುಗಳು ಲೋಕದಲ್ಲಿ ಹಲವು. ಪ್ರತಿಯೊಂದು ಯಂತ್ರಕ್ಕೂ ಎಂ.ಎಂ.ಎಸ್.ಐ. ಎಂಬ ಒಂಬತ್ತು ಅಂಕೆಗಳ ಸಂಖ್ಯೆಯಿರುವುದು. ಅದರ ಮೊದಲ ಮೂರು ಅಂಕೆಗಳು ದೇಶವನ್ನು ಹೇಳುವುವು: ಭಾರತಕ್ಕೆ ೪೧೯, ಆಸ್ಟ್ರಿಯಕ್ಕೆ ೨೦೩, ಹಂಗೆರಿಗೆ ೨೪೩, ಸ್ವಿಟ್ಜರ್ಲೆಂಡಿಗೆ ೨೬೯. ಯೂರೋಪಿನ ಒಳನಾಡಿನ ಹಡಗುಗಳಿಗೆ ಇದಲ್ಲದೆ ಎಂಟು ಅಂಕೆಗಳ ಇನ್ನೊಂದು ಸಂಖ್ಯೆಯುಂಟು; ಹಡಗಿನ ಹೆಸರೂ ಯಜಮಾನರೂ ಬದಲಾದರೂ ಅದು ಬದಲಾಗುವುದಿಲ್ಲ. ಮಗಳೋ ಅಳಿಯನೋ ಹೊರಡುವ ಮುನ್ನ ಈ ಸಂಖ್ಯೆಗಳನ್ನು ಕೇಳಿ ಪಂಚಾಂಗದ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳುವುದು ಲೇಸು.

ಸಮುದ್ರವೇ ಇಲ್ಲದ ಸ್ವಿಟ್ಜರ್ಲೆಂಡಿನ ೨೬೯ ಎಂಬ ಸಂಖ್ಯೆ ಈ ಪ್ರವಾಸಿ ಹಡಗುಗಳಲ್ಲಿ ಬಹಳ ಕಡೆ ಕಾಣುವುದನ್ನು ನೋಡಿ ನಾನು ಮೊದಲು ಆಶ್ಚರ್ಯಪಟ್ಟೆನು. ರೈನ್ ನದಿಯ ಮೂಲಕ ಸಮುದ್ರಕ್ಕೆ ಹೊರದಾರಿಯುಳ್ಳ ಬಾಸೆಲ್ ನಗರವೇ ಅವುಗಳಲ್ಲಿ ಅನೇಕಕ್ಕೆ ತವರು ಬಂದರು. ಹಿಂಬದಿಯಲ್ಲಿ ಹಡಗಿನ ಹೆಸರಿನ ಕೆಳಗೆ ಬಾಸೆಲ್ ಎಂದು ಬರೆದಿರುವುದು. ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದ ಮಿಶನರಿಗಳ ಬಾಸೆಲ್ ಇದೇ. ೧೮೬೫ರಲ್ಲಿ ಇಲ್ಲಿ ಆರಂಭವಾದ ಹಂಚಿನ ಕಾರ್ಖಾನೆಯ ಹೆಸರಿನ ಬಾಸೆಲ್ ಇದೇ. ನಮ್ಮ ಮಾಡಿನ ಹಳೆಯ ಹಂಚುಗಳ ಮೇಲೆ ಚಿಕ್ಕಂದಿನಿಂದ ಓದಿದ ಆ ಹೆಸರನ್ನು ಮಗಳು ಕಳುಹಿಸಿದ ಚಿತ್ರದಲ್ಲಿ ಹಡಗಿನ ಬೆನ್ನಿನ ಮೇಲೆ ಕಂಡಾಗ ನಮ್ಮತ್ತೆಯವರು, "ಹುಡುಗಿ ಅಷ್ಟೇನೂ ದೂರ ಹೋಗಲಿಲ್ಲ" ಎಂದರು.

ಮೆರೈನ್‌ಟ್ರಾಫಿಕ್ಕಿನ ನಕ್ಷೆಯಲ್ಲಿ ಪ್ರವಾಸಿ ಹಡಗುಗಳು ನೀಲಿ, ಸರಕು ಹಡಗುಗಳು ಹಸುರು, ಎಣ್ಣೆಯ ಹಡಗುಗಳು ಕೆಂಪು. ಚಲಿಸುವುದು ಬಾಣದಂತೆ, ನಿಂತದ್ದು ದುಂಡಗೆ. ದೊಡ್ಡದು ಮಾಡಿ ನೋಡಿದಾಗ ಹಡಗು ಬೀದಿಯನ್ನು ಹತ್ತಿದಂತೆ ಕಂಡರೆ ಬೆದರಬೇಕಾದುದಿಲ್ಲ. ಅಳತೆಯಲ್ಲಿ ಕೆಲವು ಮೀಟರುಗಳ ತಪ್ಪು ಬರುವುದುಂಟು. ಎರಡು ಮೂರು ಚುಕ್ಕೆಗಳು ಒಂದರ ಮೇಲೊಂದು ಬಿದ್ದಿದ್ದರೆ ಅದು ಅಪಘಾತವಲ್ಲ. ಪಾಸ್ಸೌ, ಬುಡಾಪೆಸ್ಟು ಮೊದಲಾದೆಡೆಗಳಲ್ಲಿ ದಡ ಸಾಲದೆ ಹಡಗುಗಳನ್ನು ಮಗ್ಗುಲು ಮಗ್ಗುಲಾಗಿ ಕಟ್ಟುವರು. ಹೊರಗಡೆಯ ಹಡಗಿನವರು ಒಳಗಡೆಯ ಹಡಗನ್ನು ಹಾಯ್ದು ದಡಕ್ಕಿಳಿಯುವರು.

ಟೀಚರಮ್ಮನವರ ನೂಲಿಗೆ ಬದಲಾಗಿ ಈಗ ನಾನು ನದಿಯ ಕಿಲೋಮೀಟರು ಕಲ್ಲುಗಳನ್ನು ಬಳಸುವೆನು. ರೈನ್ ನದಿಯಲ್ಲಿ ಎಣಿಕೆ ಕಾನ್‌ಸ್ಟಾನ್ಸ್ ಪಟ್ಟಣದ ಸೇತುವೆಯಿಂದ ತೊಡಗಿ ಸಮುದ್ರದ ಕಡೆಗೆ ಹೆಚ್ಚುತ್ತಾ ಹೋಗುವುದು. ಕೊಲೋನ್ ನಗರ ೬೮೮ರ ಹತ್ತಿರ. ಡಾನ್ಯೂಬಿನಲ್ಲಾದರೋ ಎಣಿಕೆ ಸಮುದ್ರದಿಂದ ಮೇಲಕ್ಕೆ. ಬುಡಾಪೆಸ್ಟು ೧೬೪೭, ವಿಯೆನ್ನ ೧೯೨೯, ಡ್ಯೂರ್ನ್‌ಸ್ಟೈನು ಸುಮಾರು ೨೦೦೯. ಕಳೆದು ನೋಡಿದರೆ ೩೬೨. ನೂಲಿನ ಲೆಕ್ಕಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಹಡಗು ಒಂದೇ ಕಡೆ ದಿನಗಟ್ಟಲೆ ನಿಂತಿದ್ದರೆ ಅದಕ್ಕೆ ಕಾರಣವನ್ನು ಹಡಗಿನಲ್ಲಿ ಹುಡುಕುವ ಮೊದಲು ನೀರಿನಲ್ಲಿ ಹುಡುಕಬೇಕು. ನೆರೆ ಬಂದರೆ ಹಡಗು ಸೇತುವೆಯ ಕೆಳಗೆ ನುಸುಳಲಾರದು. ಬರ ಬಂದರೆ ತಳ ತಾಗುವುದು. ಜರ್ಮನಿಯ ಕೌಬ್ ಎಂಬ ಊರಿನ ಅಳತೆಗೋಲು ರೈನ್ ನದಿಯ ನಾಡಿ ಇದ್ದಂತೆ. ೨೦೧೮ನೆಯ ಅಕ್ಟೋಬರದಲ್ಲಿ ಅದು ೨೫ ಸೆಂಟಿಮೀಟರಿಗೆ ಇಳಿಯಿತು. ನದಿಯಲ್ಲಿ ಉಳಿದ ನೀರು ಅಷ್ಟೇ ಎಂದು ತಿಳಿಯಬಾರದು. ಗೋಲಿನ ಸೊನ್ನೆ ನದಿಯ ತಳವಲ್ಲ, ಹಡಗಿನ ಹಾದಿಯಲ್ಲಿ ಅದಕ್ಕಿಂತ ಒಂದು ಮೀಟರಿಗೂ ಹೆಚ್ಚು ನೀರಿರುವುದು. ಆದರೂ ಒಂದೂವರೆ ಮೀಟರಿನಷ್ಟು ಮುಳುಗಿ ನಡೆಯುವ ಹಡಗಿಗೆ ಅದು ಸಾಲದು. ಅಂಥ ಕಾಲದಲ್ಲಿ ಪ್ರಯಾಣಿಕರನ್ನು ಬಸ್ಸಿನಲ್ಲಿ ಕರೆದೊಯ್ದು ಆಚೆಯ ಭಾಗದ ಇನ್ನೊಂದು ಹಡಗಿಗೆ ಹತ್ತಿಸುವರು. ನಿಮ್ಮ ಚುಕ್ಕೆ ಕೊಲೋನಿನಲ್ಲಿಯೇ ನಿಂತಿದ್ದರೂ ನಿಮ್ಮವರು ಬಾಸೆಲಿನಲ್ಲಿ ಇರಬಹುದು. ಜರ್ಮನಿಯ ಜಲಮಾರ್ಗದವರು ಎಲ್ವಿಸ್ ಎಂಬ ತಾಣದಲ್ಲಿಯೂ, ಆಸ್ಟ್ರಿಯದವರು ಡೋರಿಸ್ ಎಂಬ ತಾಣದಲ್ಲಿಯೂ ನೀರಿನ ಮಟ್ಟವನ್ನೂ ಮುಚ್ಚಿದ ಲಾಕುಗಳನ್ನೂ ಪ್ರಕಟಿಸುವರು. ಚುಕ್ಕೆಯ ಸಂಗಡ ಅವುಗಳನ್ನೂ ನೋಡುವುದು ನನ್ನ ಅಭ್ಯಾಸವಾಗಿದೆ.

ಎಲ್ಲರ ಹಡಗನ್ನೂ ಎಲ್ಲರೂ ನೋಡಬಹುದಾಗಿರುವುದು ಸರಿಯೇ ಎಂಬ ಪ್ರಶ್ನೆ ಯೂರೋಪಿನಲ್ಲಿ ಎದ್ದಿದೆ. ಅದು ನ್ಯಾಯವಾದ ಪ್ರಶ್ನೆ ಎಂದೇ ನನಗೆ ತೋರುವುದು. ರೈನ್ ನದಿಯ ಸರಕು ದೋಣಿಗಳಲ್ಲಿ ಅನೇಕವು ಕುಟುಂಬಗಳ ಮನೆಗಳೂ ಆಗಿವೆ. ಮಕ್ಕಳ ತೊಟ್ಟಿಲೂ ಬಟ್ಟೆಯ ಹಗ್ಗವೂ ಅವುಗಳ ಮೇಲೆಯೇ. ಅಂಥ ದೋಣಿ ಎಲ್ಲಿದೆಯೆಂದರೆ ಆ ತಾಯಿಯೂ ಮಕ್ಕಳೂ ಎಲ್ಲಿದ್ದಾರೆಂದೇ ಅರ್ಥ. ಈ ಕಾರಣದಿಂದ ಅಲ್ಲಿಯ ಅಧಿಕಾರಿಗಳು ತಾವು ಸಂಗ್ರಹಿಸುವ ಹಡಗುಗಳ ವರ್ತಮಾನವನ್ನು ಕಂಡಕಂಡವರಿಗೆ ಕೊಡುವುದಿಲ್ಲ. ನಮಗೆ ಕಾಣುವುದು ದಡದ ಸ್ವಯಂಸೇವಕರು ಕೇಳಿಸಿಕೊಂಡದ್ದು ಮಾತ್ರ. ಮಗಳ ಹಡಗನ್ನು ನೋಡಿ ಫೋನನ್ನು ಮುಚ್ಚುವುದೊಳ್ಳೆಯದು; ನೆರೆಯವರ ಅಂಗಳವನ್ನು ಇಣಿಕಬೇಕಾದುದಿಲ್ಲ.

ನಮ್ಮ ದೇಶದ ನದಿಗಳಲ್ಲಿಯೂ ಈ ವ್ಯವಸ್ಥೆ ಕಾಲಿಟ್ಟಿದೆ. ಹಲ್ದಿಯದಿಂದ ಪ್ರಯಾಗರಾಜದ ತನಕ ೧,೬೨೦ ಕಿಲೋಮೀಟರು ಉದ್ದದ ಗಂಗೆಯ ಹಾದಿಯೇ ಒಂದನೆಯ ರಾಷ್ಟ್ರೀಯ ಜಲಮಾರ್ಗ. ೨೦೨೩ನೆಯ ಜನವರಿ ೧೩ರಂದು 'ಗಂಗಾ ವಿಲಾಸ' ಎಂಬ ಪ್ರವಾಸಿ ಹಡಗು ವಾರಾಣಸಿಯಿಂದ ಹೊರಟು, ಬಾಂಗ್ಲಾದೇಶದ ಮೂಲಕ ಹಾಯ್ದು, ಅಸ್ಸಾಮಿನ ದಿಬ್ರುಗಢಕ್ಕೆ ಫೆಬ್ರವರಿ ೨೮ರಂದು ತಲುಪಿತು; ಹಾದಿ ಸುಮಾರು ೩,೨೦೦ ಕಿಲೋಮೀಟರು. ಹೊರಟ ಮೂರನೆಯ ದಿನವೇ ಬಿಹಾರದ ಛಪ್ರಾದ ಬಳಿ ಅದು ಮರಳಿನಲ್ಲಿ ಸಿಕ್ಕಿಕೊಂಡಿತೆಂದು ಪತ್ರಿಕೆಗಳಲ್ಲಿ ಬಂದಿತು. ಅಧಿಕಾರಿಗಳು ಅದನ್ನು ಅಲ್ಲಗಳೆದು, ಆಳವಿರುವ ಕಡೆ ಹಡಗನ್ನು ನಿಲ್ಲಿಸಿ ಪ್ರಯಾಣಿಕರನ್ನು ಚಿಕ್ಕ ದೋಣಿಗಳಲ್ಲಿ ದಡಕ್ಕೆ ಕರೆದೊಯ್ಯಲಾಯಿತೆಂದು ಹೇಳಿದರು. ಇಂಥ ಕಡೆ ನಕ್ಷೆ ನ್ಯಾಯ ತೀರಿಸಲಾರದು. ವೇಗ ಸೊನ್ನೆ ಎಂದು ಮಾತ್ರ ಅದು ಹೇಳುವುದು. ತಾನಾಗಿ ನಿಂತಿತೋ, ಸಿಕ್ಕಿಬಿದ್ದಿತೋ ಎಂಬುದು ಸೊನ್ನೆಯಲ್ಲಿ ಬರೆದಿರುವುದಿಲ್ಲ.

ಖರ್ಚಿನ ವಿಷಯವನ್ನು ಕೆಲವರು ಕೇಳಿರುವರು. ಈಗಿನ ಸ್ಥಳವನ್ನು ನೋಡುವುದಕ್ಕೆ ಹಣ ಕೊಡಬೇಕಾದುದಿಲ್ಲ. ಹಿಂದಿನ ತಿಂಗಳ ಜಾಡನ್ನೂ ಉಪಗ್ರಹಗಳು ಕೇಳಿದ ವರ್ತಮಾನವನ್ನೂ ಹಣ ತೆತ್ತವರಿಗೆ ಮಾತ್ರ ತೋರಿಸುವರು. ದಡಕ್ಕೆ ಹತ್ತಿರವಾಗಿಯೇ ಹೋಗುವ ನದಿಯ ಹಡಗಿಗೆ ಅದರ ಅಗತ್ಯ ಬೀಳುವುದು ಅಪರೂಪ. ನಾನು ಇಷ್ಟು ವರ್ಷಗಳಲ್ಲಿ ಒಂದು ಕಾಸನ್ನೂ ಕೊಟ್ಟಿಲ್ಲ. ಆ ನೂಲನ್ನು ಮಾತ್ರ ಟೀಚರಮ್ಮನವರಿಂದ ಕೇಳಿ ಪಡೆದು, ಭೂಪಟದ ಪುಸ್ತಕದ ಡಾನ್ಯೂಬಿನ ಪುಟದಲ್ಲಿ ಇಟ್ಟುಕೊಂಡಿರುವೆನು.